ಸೆಕೆಂಡಿಗೆ ಎಷ್ಟು ಚಿತ್ರ ಸಾಕು?

ಸಿನಿಮಾದ ಪರದೆಯ ಮೇಲೆ ಯಾವುದೂ ಚಲಿಸುವುದಿಲ್ಲ. ಅಲ್ಲಿ ಬರುವುದೆಲ್ಲ ನಿಂತ ಚಿತ್ರಗಳೇ. ಒಂದರ ಹಿಂದೆ ಒಂದು ಬೇಗ ಬೇಗ ಬಂದು ಹೋಗುವುದರಿಂದ ನಮ್ಮ ಕಣ್ಣು ಅವುಗಳನ್ನು ಜೋಡಿಸಿಕೊಂಡು ಓಟ, ಕುಣಿತ, ಕುದುರೆ, ಮಳೆ ಎಂದೆಲ್ಲ ಕಾಣುತ್ತದೆ. ಹಾಗಾದರೆ ಒಂದು ಸೆಕೆಂಡಿಗೆ ಇಂಥ ಎಷ್ಟು ಚಿತ್ರ ಬೇಕು? ಹದಿನಾರು ಸಾಕೇ, ಇಪ್ಪತ್ತನಾಲ್ಕು ಬೇಕೇ, ಅರವತ್ತೇ, ನೂರನಲವತ್ತನಾಲ್ಕೇ? ಮೇಲುನೋಟಕ್ಕೆ ಇದು ಕಣ್ಣಿಗೆ ಸಂಬಂಧಿಸಿದ ಪ್ರಶ್ನೆ. ಆದರೆ ನೂರ ಮೂವತ್ತು ವರ್ಷಗಳ ಚರಿತ್ರೆಯನ್ನು ಹಿಂತಿರುಗಿ ನೋಡಿದರೆ, ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕಣ್ಣು ಒಂದೇ ಅಲ್ಲ. ಬಿಸಿ ಮತ್ತು ದುಡ್ಡು ಕೂಡ ಪ್ರತಿ ಸಲವೂ ಪಂಚಾಯಿತಿಗೆ ಕೂತಿವೆ.

ನಾನು ಇದನ್ನು ಯೋಚಿಸತೊಡಗಿದ್ದು ಎರಡು ಕಾರಣಗಳಿಂದ. ನನ್ನ ಪಿಎಚ್‌.ಡಿ. ಅಧ್ಯಯನ ಚಿತ್ರದುರ್ಗ ಸೀಮೆಯ ಟೂರಿಂಗ್ ಟಾಕೀಸುಗಳ ಬಗ್ಗೆ. ಟೆಂಟು ನಡೆಸಿದವರು, ಟಿಕೆಟು ಹರಿದವರು, ಮಿಷನ್ನು ಓಡಿಸಿದವರು, ನೆಲದಲ್ಲಿ ಕೂತು ನೋಡಿದವರು ಇವರೆಲ್ಲರ ಮಾತನ್ನು ವಿಡಿಯೋದಲ್ಲಿ ದಾಖಲಿಸುತ್ತಿದ್ದೇನೆ. ಆ ವಿಡಿಯೋಗಳನ್ನು ಕತ್ತರಿಸಿ, ಸದ್ದು ತಿದ್ದಿ, ಜೋಡಿಸಲು ಒಳ್ಳೆಯ ಗ್ರಾಫಿಕ್ಸ್ ಚಿಪ್ ಇರುವ ಕಂಪ್ಯೂಟರ್ ಬೇಕಾಯಿತು. ಫೆಲೋಶಿಪ್ ಹಣ ಕೂಡಿಟ್ಟು ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡೆ. ಹೊರಕೆರೆದೇವಪುರದ ನಮ್ಮ ಮನೆಯಲ್ಲಿ ಹಗಲು ಅದು ನನ್ನ ಪ್ರಬಂಧದ ಯಂತ್ರ. ರಾತ್ರಿ ತಮ್ಮನ ಆಟದ ಯಂತ್ರ. ಬೇಸಿಗೆಯಲ್ಲಿ ಅದು ದೋಸೆಹಂಚಿನಂತೆ ಕಾಯುತ್ತಿತ್ತು. ಒಮ್ಮೆ ಆಟದ ನಡುವೆಯೇ ತಾನಾಗಿ ಆರಿಹೋಯಿತು. ಅದರೊಳಗಿದ್ದ ಮಾತುಗಳಲ್ಲಿ ಒಬ್ಬರದ್ದು ಮತ್ತೆ ಸಿಗುವಂಥದ್ದಲ್ಲ. ಅವರು ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು. ಆ ಕಡತ ಬೇರೆ ಕಡೆಯೂ ಇತ್ತು ಎಂಬ ಸಮಾಧಾನವಿದ್ದರೂ ಯಂತ್ರವೇ ಹೋದರೆ ಇನ್ನೊಂದು ಕೊಳ್ಳುವ ಶಕ್ತಿ ಮನೆಗಿರಲಿಲ್ಲ. ಅದಕ್ಕೆ ಸಿಕ್ಕಿದ ಪರಿಹಾರ ಫ್ರೇಮಿನ ಲೆಕ್ಕಕ್ಕೆ ಒಂದು ಮಿತಿ ಹಾಕುವುದು. ಅದು ನನ್ನ ಅಧ್ಯಯನದ ವಸ್ತುವಿನೊಳಗೇ ಮೊದಲಿನಿಂದ ಇತ್ತು. ಆ ಚರಿತ್ರೆಯನ್ನು ಮೊದಲು ಹೇಳುತ್ತೇನೆ.

ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ದುಡ್ಡು ಕೊಟ್ಟು ಬಂದವರಿಗೆ ಚಿತ್ರ ತೋರಿಸಿದರು. ಮರುವರ್ಷ ಜುಲೈ 7ರಂದು ಅವರ ಚಿತ್ರಗಳು ಬೊಂಬಾಯಿಯ ವಾಟ್ಸನ್ ಹೋಟೆಲಿಗೆ ಬಂದವು. ಆ ಯಂತ್ರಗಳನ್ನು ಕೈಯಿಂದ ತಿರುಗಿಸಬೇಕಿತ್ತು. ಸೆಕೆಂಡಿಗೆ ಸುಮಾರು ಹದಿನಾರು ಚಿತ್ರ. ತಿರುಗಿಸುವವನ ತೋಳು ಸೋತರೆ ಕಡಿಮೆ, ಆಟ ಬೇಗ ಮುಗಿಸಬೇಕೆಂದರೆ ಹೆಚ್ಚು. ಮೂಕಿ ಚಿತ್ರಕ್ಕೆ ಅದರಿಂದ ದೊಡ್ಡ ತೊಂದರೆಯಿರಲಿಲ್ಲ.

ಆದರೆ ಹದಿನಾರರಲ್ಲಿ ಒಂದು ಕಿರಿಕಿರಿ ಇತ್ತು. ಒಂದು ಚಿತ್ರ ಹೋಗಿ ಇನ್ನೊಂದು ಬರುವಾಗ ಬೆಳಕನ್ನು ಮುಚ್ಚಬೇಕು. ಇಲ್ಲವಾದರೆ ಫಿಲ್ಮು ಜಾರುವುದು ಪರದೆಯ ಮೇಲೆ ಗೀರುಗೀರಾಗಿ ಕಾಣುತ್ತದೆ. ಹಾಗೆ ಸೆಕೆಂಡಿಗೆ ಹದಿನಾರು ಸಲ ಕತ್ತಲೆಯಾದರೆ ಪರದೆ ಮಿಣುಕುತ್ತದೆ, ಕಣ್ಣು ನೋಯುತ್ತದೆ. ಇದಕ್ಕೆ ಹೆಚ್ಚು ಫಿಲ್ಮು ಓಡಿಸುವುದೇ ಉಪಾಯ ಅನ್ನಿಸಬಹುದು. ಆಗಿನವರು ಹಾಗೆ ಮಾಡಲಿಲ್ಲ. ಬೆಳಕಿನ ಮುಂದೆ ಸುತ್ತುವ ಷಟರಿಗೆ ಮೂರು ರೆಕ್ಕೆ ಇಟ್ಟರು. ಒಂದೇ ಚಿತ್ರ ಮೂರು ಸಲ ಬೆಳಗಿ ಮುಂದಕ್ಕೆ ಹೋಗುತ್ತಿತ್ತು. ಚಿತ್ರಗಳು ಹದಿನಾರೇ, ಮಿನುಗು ಮಾತ್ರ ನಲವತ್ತೆಂಟು. ಕಣ್ಣಿಗೆ ನೆಮ್ಮದಿ, ಫಿಲ್ಮಿಗೆ ಉಳಿತಾಯ. ಹೊಸದನ್ನು ಮಾಡುತ್ತ ಹೋಗುವ ಬದಲು ಇದ್ದದ್ದನ್ನೇ ಇನ್ನೊಮ್ಮೆ ತೋರಿಸುವ ಈ ಜಾಣ್ಮೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಿಸಿಯ ಸಂಗತಿ ಇದಕ್ಕಿಂತ ಕಠಿಣವಾದದ್ದು. ಆ ಕಾಲದ ಫಿಲ್ಮು ನೈಟ್ರೇಟಿನದ್ದು. ಒಮ್ಮೆ ಹೊತ್ತಿದರೆ ನೀರು ಸುರಿದರೂ ಆರದಂಥದ್ದು. ಅದರ ಹಿಂದೆಯೇ ಕಣ್ಣು ಕೋರೈಸುವ ದೀಪ. ಒಂದು ಫ್ರೇಮು ಆ ದೀಪದ ಎದುರು ಸೆಕೆಂಡಿನ ಚಿಕ್ಕ ಭಾಗದಷ್ಟು ಹೊತ್ತು ನಿಂತು ಸರಿದುಹೋದರೆ ಕ್ಷೇಮ. ಸಿಕ್ಕಿಕೊಂಡು ನಿಂತರೆ ಬೆಂಕಿ. 1897ರ ಮೇ 4ರಂದು ಪ್ಯಾರಿಸಿನ ಧರ್ಮಾರ್ಥ ಸಂತೆಯೊಂದರಲ್ಲಿ ಪ್ರೊಜೆಕ್ಟರಿನ ಈಥರ್ ದೀಪದಿಂದ ಬೆಂಕಿ ಹತ್ತಿ ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಫಿಲ್ಮಿಗಿಂತ ದೀಪದ್ದೇ ತಪ್ಪು. ಆದರೂ ಸಿನಿಮಾ ಎಂದರೆ ಬೆಂಕಿ ಎಂಬ ಭಯ ಸರ್ಕಾರಗಳ ಮನಸ್ಸಿನಲ್ಲಿ ಉಳಿಯಿತು. ನಮ್ಮಲ್ಲಿ 1918ರ ಸಿನಿಮಾಟೋಗ್ರಾಫ್ ಕಾಯ್ದೆಯನ್ನು ಸೆನ್ಸಾರಿನ ಮೂಲವೆಂದು ನೆನೆಯುತ್ತೇವೆ. ಅದರ ಇನ್ನೊಂದು ಮುಖ ಸುರಕ್ಷತೆ. ಜನ ಸೇರುವ ಜಾಗ ಸುರಕ್ಷಿತವಾಗಿದೆಯೆಂದು ಖಾತ್ರಿಯಾದ ಮೇಲೆಯೇ ಪ್ರದರ್ಶನಕ್ಕೆ ಲೈಸೆನ್ಸು. ಸರ್ಕಾರ ಸಿನಿಮಾವನ್ನು ನಿಲ್ಲಿಸಲಿಲ್ಲ, ಷರತ್ತು ಹಾಕಿ ನಡೆಯಗೊಟ್ಟಿತು. ಇದೂ ಮುಂದೆ ಬೇಕಾಗುವ ಮಾತು.

ಹದಿನಾರು ಇಪ್ಪತ್ತನಾಲ್ಕಾದದ್ದು ಮಾತು ಬಂದಾಗ. 1920ರ ದಶಕದ ಕೊನೆಯಲ್ಲಿ ಧ್ವನಿಯನ್ನು ಚಿತ್ರಕ್ಕೆ ಜೋಡಿಸಿದ ಮೇಲೆ ವೇಗ ಹೆಚ್ಚುಕಡಿಮೆ ಆಗುವಂತಿರಲಿಲ್ಲ. ಚಿತ್ರ ತುಸು ನಿಧಾನವಾದರೆ ಕಣ್ಣು ಕ್ಷಮಿಸುತ್ತದೆ. ಹಾಡು ತುಸು ಎಳೆದರೂ ಕಿವಿ ಕ್ಷಮಿಸುವುದಿಲ್ಲ. ಹೀಗೆ ಸೆಕೆಂಡಿಗೆ 24 ಫ್ರೇಮ್, ಅಂದರೆ ನಿಮಿಷಕ್ಕೆ 90 ಅಡಿ ಫಿಲ್ಮು ಎಂದು ಗೊತ್ತಾಯಿತು. ಅದಕ್ಕಿಂತ ಹೆಚ್ಚಿದ್ದರೆ ಧ್ವನಿ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ಹದಿನಾರರಿಂದ ಇಪ್ಪತ್ತನಾಲ್ಕಕ್ಕೆ ಏರಿದಾಗಲೇ ಫಿಲ್ಮಿನ ಖರ್ಚು ಒಂದೂವರೆ ಪಟ್ಟಾಗಿತ್ತು. ಮೂರು ಗಂಟೆಯ ಚಿತ್ರಕ್ಕೆ 16,200 ಅಡಿ. ಹಾಗಾಗಿ ಇಪ್ಪತ್ತನಾಲ್ಕು ಅತ್ಯುತ್ತಮ ಸಂಖ್ಯೆ ಎಂದು ಯಾರೂ ಆರಿಸಿದ್ದಲ್ಲ. ಸಾಕು ಅನ್ನಿಸಿದ ಸಂಖ್ಯೆ. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಮಾತಾಡಿದ್ದು ಈ ಹೊಸ ಲೆಕ್ಕ ನೆಲೆಗೊಂಡ ಕಾಲದಲ್ಲಿ. ಕೊಲ್ಲಾಪುರದ ಛತ್ರಪತಿ ಸಿನಿಟೋನಿನಲ್ಲಿ ತಯಾರಾದ ಆ ಚಿತ್ರದ ಒಂದು ಪ್ರತಿಯೂ ಇಂದು ನೋಡಲು ಸಿಗುವುದಿಲ್ಲ. ಚಿತ್ರಗಳನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ನೋವಿನ ಉದಾಹರಣೆ ಇನ್ನೊಂದಿಲ್ಲ.

ಈಗ ಟೆಂಟಿಗೆ ಬರೋಣ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸು ಬೀಡುಬಿಡುತ್ತಿತ್ತು. ಸಂಜೆ ತಿರುಪತಿ ತಿಮ್ಮಪ್ಪನ ಹಾಡು ಕೇಳಿದರೆ ಸುತ್ತಲ ಹಳ್ಳಿಗಳಿಂದ ಜನ ಹೊರಡುತ್ತಿದ್ದರು. ನಾನು ಮಾತಾಡಿಸಿದವರಲ್ಲಿ ಒಬ್ಬರು ಹೊಳಲ್ಕೆರೆ, ಹೊಸದುರ್ಗದ ಕಡೆಯ ಟೆಂಟುಗಳಲ್ಲಿ ಆಪರೇಟರ್ ಆಗಿದ್ದ ತಾತ. ಮಿಷನ್ನು ಹೇಗೆ ಓಡುತ್ತಿತ್ತು ಎಂದು ಕೇಳಿದಾಗ ಕೈಗಳನ್ನೇ ಮಿಷನ್ನು ಮಾಡಿ ತೋರಿಸಿದರು. ಎಡಗೈಯ ಎರಡು ಬೆರಳು ಎರಡು ಕಾರ್ಬನ್ ಕಡ್ಡಿ. ಅವುಗಳ ನಡುವೆ ಕಿಡಿ ಹೊತ್ತಿ ಉರಿಯುತ್ತದೆ. ಉರಿದಂತೆ ಕಡ್ಡಿ ಸವೆದು ನಡುವಿನ ಸಂದು ಅಗಲವಾಗುತ್ತದೆ. ಸಂದು ಸರಿಯಾಗಿ ಇಟ್ಟುಕೊಳ್ಳುತ್ತ ಇರುವುದೇ ಆಪರೇಟರನ ಕೆಲಸ. ಬೆಳಕು ಜೋರಾಗಲಿ ಎಂದು ಆಸೆಪಟ್ಟರೆ ಬಿಸಿಯೂ ಜೋರಾಗುತ್ತದೆ.

“ರೀಲು ಓಡ್ತಾ ಇದ್ರೆ ಬದುಕುತ್ತೆ ತಾಯಿ, ನಿಂತ್ರೆ ಸುಟ್ಟೋಗುತ್ತೆ” ಅಂದರು ತಾತ.

ಅವರ ಕಾಲಕ್ಕೆ ನೈಟ್ರೇಟ್ ಹೋಗಿ ಸೇಫ್ಟಿ ಫಿಲ್ಮು ಬಂದಿತ್ತು. ಅದು ಭಗ್ಗನೆ ಉರಿಯುವುದಿಲ್ಲ. ಆದರೆ ಸಿಕ್ಕಿಕೊಂಡ ಫ್ರೇಮು ನಟ್ಟನಡುವಿನಿಂದ ಕಂದಿ, ಗುಳ್ಳೆಯೆದ್ದು ತೂತಾಗುತ್ತಿತ್ತು. ರಾಜ್‌ಕುಮಾರರ ಮುಖ ಪರದೆಯ ಮೇಲೆ ಕರಗುವುದನ್ನು ಕಂಡ ಜನ ಕೂಗಾಡುತ್ತಿದ್ದರು. ಇದನ್ನು ತಡೆಯಲು ಪ್ರೊಜೆಕ್ಟರುಗಳಲ್ಲಿ ಒಂದು ಏರ್ಪಾಡು ಇರುತ್ತಿತ್ತು. ತಿರುಗುವ ದಂಡಕ್ಕೆ ಕಟ್ಟಿದ ಪುಟ್ಟ ತೂಕಗಳು ವೇಗ ಸಾಕಷ್ಟಿದ್ದಾಗ ಹೊರಕ್ಕೆ ಚಾಚಿಕೊಂಡು ಒಂದು ಮುಚ್ಚಳವನ್ನು ಎತ್ತಿ ಹಿಡಿಯುತ್ತವೆ. ವೇಗ ಇಳಿದರೆ ತೂಕಗಳು ಒಳಕ್ಕೆ ಬೀಳುತ್ತವೆ, ಮುಚ್ಚಳ ಬಿದ್ದು ಬೆಳಕು ಫಿಲ್ಮಿಗೆ ತಾಗದಂತೆ ಆಗುತ್ತದೆ. ಹಬೆಯಂತ್ರದ ವೇಗ ಹತೋಟಿಗೆ ಜೇಮ್ಸ್ ವಾಟ್ 1788ರಲ್ಲಿ ಬಳಸಿದ ಗವರ್ನರ್ ಎಂಬ ಸಾಧನದ ಮೊಮ್ಮಗು ಇದು.

ಒಂದೇ ಮಿಷನ್ನು ಇದ್ದ ಟೆಂಟಿನಲ್ಲಿ ರೀಲು ಮುಗಿದಾಗಲೆಲ್ಲ ದೀಪ ಹಾಕಬೇಕಿತ್ತು. 2000 ಅಡಿಯ ರೀಲು ಇಪ್ಪತ್ತೆರಡು ನಿಮಿಷ. ಆ ಬಿಡುವಿನಲ್ಲಿ ಕಡಲೆಕಾಯಿ, ಸೋಡ, ಬೀಡಿ. ನೋಡುವವರಿಗೆ ಅದು ಇಂಟರ್ವಲ್. ತಾತನಿಗೆ ಮಿಷನ್ನು ಆರುವ ಹೊತ್ತು. “ಜನ ಬೈಯೋರು. ಬೈಯಲಿ ಬಿಡು, ಮಿಷನ್ನು ತಣ್ಣಗಾಗ್ಲಿ ಅಂತ ನಾನು ನಿಧಾನಕ್ಕೇ ರೀಲು ಹಾಕ್ತಿದ್ದೆ. ಬೆಳಗಾನ ಸೆಕೆಂಡ್ ಶೋ ಇರ್ತಿತ್ತಲ್ಲ, ಮಿಷನ್ನು ಕೆಟ್ರೆ ಅಷ್ಟೂ ಜನದ ಕೂಲಿ ಹೋಗೋದು.” ಈ ಮಾತು ಯಾವ ಪ್ರೊಜೆಕ್ಟರಿನ ಕೈಪಿಡಿಯಲ್ಲೂ ಇಲ್ಲ. ಯಂತ್ರ ಎಷ್ಟು ಮಾಡಬಲ್ಲದು ಎಂದು ಕೈಪಿಡಿ ಹೇಳುತ್ತದೆ. ಅದರಿಂದ ದಿನವೂ ಎಷ್ಟು ಮಾಡಿಸಬಹುದು ಎಂದು ಹೇಳುವವರು ಇಂಥವರು.

ಫ್ರೇಮುಗಳನ್ನು ಹೆಚ್ಚು ಖರ್ಚು ಮಾಡುವುದಕ್ಕೂ ಒಂದು ಸಮಯವಿದೆ. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಪ್ರಸಿದ್ಧವಾದ ಸಾಕ್ಷಿಯಿದೆ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ‘ನಾಗರಹಾವು’ ಚಿತ್ರದುರ್ಗದ ಕೋಟೆಯನ್ನು ಮನೆಮನೆಗೆ ತಲುಪಿಸಿತು. ಅದರ ಪ್ರೇಮಗೀತೆಯೊಂದರಲ್ಲಿ ವಿಷ್ಣುವರ್ಧನ್ ಮತ್ತು ಆರತಿ ಕೋಟೆಯ ಬಂಡೆಗಳ ನಡುವೆ ನಿಧಾನಗತಿಯಲ್ಲಿ ತೇಲಿದಂತೆ ಓಡುತ್ತಾರೆ. ನಿಧಾನಗತಿ ಎಂಬುದು ಹೆಸರಿಗೆ ನಿಧಾನ. ಕ್ಯಾಮೆರಾದೊಳಗೆ ಅದು ಅತಿ ವೇಗ. ಸೆಕೆಂಡಿಗೆ 48 ಫ್ರೇಮ್ ಹಿಡಿದು 24ರ ಲೆಕ್ಕದಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಓಟ ಎರಡು ಸೆಕೆಂಡು ಆಗುತ್ತದೆ. ಫಿಲ್ಮಿನ ಖರ್ಚು ಆ ಹೊತ್ತಿಗೆ ಇಮ್ಮಡಿ. ಇಡೀ ಚಿತ್ರವನ್ನು ಯಾರೂ ಹಾಗೆ ತೆಗೆಯುವುದಿಲ್ಲ. ಎಲ್ಲಿ ಅದು ರಸಕ್ಕೆ ಬೇಕೋ ಅಲ್ಲಿ ಕೈ ಬಿಚ್ಚುತ್ತಾರೆ, ಉಳಿದೆಡೆ ಬಿಗಿ ಹಿಡಿಯುತ್ತಾರೆ. ಮಿತಿ ಇದ್ದುದರಿಂದಲೇ ಆ ಹಾಡಿನ ನಿಧಾನ ಬೇರೆಯಾಗಿ ಕಂಡಿತು.

ಟೀವಿ ಬಂದಾಗ ಲೆಕ್ಕ ಮತ್ತೆ ಬದಲಾಯಿತು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸುತ್ತಿನದ್ದು. ಅದಕ್ಕೆ ಹೊಂದಿಕೊಂಡ ನಮ್ಮ ಟೀವಿ ಸೆಕೆಂಡಿಗೆ 25 ಫ್ರೇಮ್ ತೋರಿಸುತ್ತಿತ್ತು. ಇಪ್ಪತ್ತನಾಲ್ಕರ ಸಿನಿಮಾವನ್ನು ಇಪ್ಪತ್ತೈದರಲ್ಲಿ ಓಡಿಸಿದರೆ ಮೂರು ಗಂಟೆಯ ಚಿತ್ರ ಸುಮಾರು ಏಳು ನಿಮಿಷ ಮೊದಲೇ ಮುಗಿಯುತ್ತದೆ. ಪಂಚಾಯಿತಿ ಕಟ್ಟೆಯ ಟೀವಿಯ ಮುಂದೆ ಭಾನುವಾರ ಸಂಜೆ ಕೂತವರಲ್ಲಿ ಆ ಏಳು ನಿಮಿಷ ಎಲ್ಲಿ ಹೋಯಿತೆಂದು ಕೇಳಿದವರಿಲ್ಲ.

ಇಲ್ಲಿಯವರೆಗೆ ಫ್ರೇಮು ಎಂದರೆ ಮೊದಲೇ ತಯಾರಾಗಿ ಕೂತಿದ್ದ ಚಿತ್ರ. ಯಂತ್ರ ಅದನ್ನು ತೋರಿಸಿದರೆ ಸಾಕಿತ್ತು. ಕಂಪ್ಯೂಟರ್ ಆಟದಲ್ಲಿ ಹಾಗಲ್ಲ. ಆಡುವವನು ಎಡಕ್ಕೆ ತಿರುಗುತ್ತಾನೋ ಬಲಕ್ಕೋ ಯಾರಿಗೆ ಗೊತ್ತು? ಆದ್ದರಿಂದ ಪ್ರತಿ ಫ್ರೇಮನ್ನೂ ಆ ಕ್ಷಣದಲ್ಲೇ ಲೆಕ್ಕ ಹಾಕಿ ಬಿಡಿಸಬೇಕು. ಸಿನಿಮಾದಲ್ಲಿ ಫ್ರೇಮು ನಿಂತರೆ ಬಿಸಿ; ಆಟದಲ್ಲಿ ಫ್ರೇಮು ಹೆಚ್ಚಿದರೆ ಬಿಸಿ. ತಾತನ ಮಾತು ಇಲ್ಲಿ ತಲೆಕೆಳಗಾಗುತ್ತದೆ.

ಮೊದಮೊದಲ ಆಟಗಳಿಗೆ ಮಿತಿ ಹಾಕುವ ಅಗತ್ಯವೇ ಇರಲಿಲ್ಲ, ಯಂತ್ರದ ಬಡತನವೇ ಮಿತಿಯಾಗಿತ್ತು. ಜಪಾನಿನ ತೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರು ವೇಗವಾಗಿ ನುಗ್ಗುತ್ತಾರೆ. ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಂತೆ ಚಿಪ್ಪಿಗೆ ಭಾರ ಇಳಿದು ಹಾಗಾಗುತ್ತಿತ್ತು. ಅದು ಆಟಕ್ಕೆ ರೋಚಕವಾಗಿದೆಯೆಂದು ಅವರು ಹಾಗೇ ಉಳಿಸಿಕೊಂಡರು. 1980ರ ದಶಕದ ಕಂಪ್ಯೂಟರುಗಳಲ್ಲಿ ಟರ್ಬೋ ಎಂಬ ಗುಂಡಿ ಇರುತ್ತಿತ್ತು. ಹೆಸರು ಕೇಳಿದರೆ ವೇಗ ಹೆಚ್ಚಿಸುವ ಗುಂಡಿ ಅನ್ನಿಸುತ್ತದೆ. ಜನರಿಗೆ ಅದರ ಉಪಯೋಗ ಇದ್ದದ್ದು ವೇಗ ಇಳಿಸುವುದಕ್ಕೆ. ಹಳೆಯ ನಿಧಾನ ಚಿಪ್ಪಿಗೆಂದು ಬರೆದ ಆಟ ಹೊಸ ಚಿಪ್ಪಿನಲ್ಲಿ ಹುಚ್ಚುಗಟ್ಟಿ ಓಡುತ್ತಿತ್ತು, ಆಡಲಾಗುತ್ತಿರಲಿಲ್ಲ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ‘ಡೇವ್’ ಆಡಿದ ನನ್ನ ಓರಗೆಯವರಿಗೆ ಇಂಥ ಆಟಗಳು ಗೊತ್ತು.

ವೇಗಕ್ಕೆ ಬಿಸಿ ಅಡ್ಡ ನಿಂತದ್ದು 2004ರಲ್ಲಿ. ಅದಕ್ಕೂ ಮೊದಲು ಚಿಪ್ಪಿನ ಗಡಿಯಾರದ ವೇಗ ವರ್ಷವರ್ಷವೂ ಏರುತ್ತಿತ್ತು, ಜಾಹೀರಾತುಗಳು ಆ ಸಂಖ್ಯೆಯನ್ನೇ ಸಾರುತ್ತಿದ್ದವು. ಚಿಪ್ಪು ತಿನ್ನುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ಹೆಚ್ಚು ವೇಗಕ್ಕೆ ಹೆಚ್ಚು ವೋಲ್ಟೇಜು ಬೇಕು. ಹೀಗೆ ಒಂದಕ್ಕೊಂದು ಗುಣಿಸಿಕೊಂಡು ಬಿಸಿ ಕೈಮೀರುತ್ತದೆ. 2004ರ ಮೇ ತಿಂಗಳಲ್ಲಿ ಇಂಟೆಲ್ ತನ್ನ ಮುಂದಿನ ಅತಿವೇಗದ ಚಿಪ್ಪಿನ ಯೋಜನೆಯನ್ನೇ ಕೈಬಿಟ್ಟಿತು. ಅಕ್ಟೋಬರಿನಲ್ಲಿ ನಾಲ್ಕು ಗಿಗಾಹರ್ಟ್ಸ್‌ನ ಪೆಂಟಿಯಂ 4 ಬರುವುದಿಲ್ಲ ಎಂದಿತು. ಅದರ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಭೆಯಲ್ಲಿ ಅರ್ಧ ತಮಾಷೆಗೆ ಮಂಡಿಯೂರಿ ಕ್ಷಮೆ ಕೇಳಿದರು. ಅಲ್ಲಿಂದ ದಾರಿ ಬದಲಾಯಿತು. ಒಂದೇ ಎತ್ತನ್ನು ಬಡಿದು ಓಡಿಸುವ ಬದಲು, ಹದವಾಗಿ ನಡೆಯುವ ನಾಲ್ಕಾರು ಎತ್ತು ಕಟ್ಟುವ ದಾರಿ.

ಈ ತಿರುವಿನಲ್ಲಿ ಕರ್ನಾಟಕದ ಹೆಸರೂ ಇದೆ. ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ರೂಪುಗೊಳ್ಳುತ್ತಿದ್ದ ಸರ್ವರ್ ಚಿಪ್ಪಿಗೆ ‘ವೈಟ್‌ಫೀಲ್ಡ್’ ಎಂದೇ ಹೆಸರಿತ್ತು. ನಾಲ್ಕು ಕೋರುಗಳ ಆ ಯೋಜನೆ 2005ರಲ್ಲಿ ನಿಂತುಹೋಯಿತು. ಅದೇ ಬೆಂಗಳೂರಿನ ತಂಡ ಮುಂದೆ ವಿನ್ಯಾಸ ಮಾಡಿದ ‘ಡನಿಂಗ್ಟನ್’ 2008ರ ಸೆಪ್ಟೆಂಬರಿನಲ್ಲಿ ಹೊರಬಂತು. ಆರು ಕೋರು, 190 ಕೋಟಿ ಟ್ರಾನ್ಸಿಸ್ಟರು. ಗಡಿಯಾರದ ವೇಗ ಮಾತ್ರ 2.66 ಗಿಗಾಹರ್ಟ್ಸ್ ದಾಟಲಿಲ್ಲ. ನಾಲ್ಕು ವರ್ಷಗಳ ಹಿಂದಿನ ಪೆಂಟಿಯಂ 4ಕ್ಕಿಂತ ನಿಧಾನದ ಗಡಿಯಾರ, ಆದರೆ ಕೆಲಸ ಎಷ್ಟೋ ಪಟ್ಟು ಹೆಚ್ಚು. ಬೆಂಗಳೂರಿನ ಐ.ಟಿ. ಚರಿತ್ರೆಯನ್ನು ನಾವು ವೇಗದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಅದರ ಒಂದು ಒಳ್ಳೆಯ ಅಧ್ಯಾಯ ವೇಗ ಬಿಟ್ಟುಕೊಟ್ಟದ್ದರ ಕಥೆ.

ಆದರೆ ಚಿಪ್ಪು ಮಾಡುವವರು ಕಲಿತದ್ದನ್ನು ಆಟ ಮಾಡುವವರು ತಡವಾಗಿ ಕಲಿತರು. 2010ರ ಜುಲೈನಲ್ಲಿ ‘ಸ್ಟಾರ್‌ಕ್ರಾಫ್ಟ್ 2’ ಬಂದಾಗ ಕೆಲವರ ಗ್ರಾಫಿಕ್ಸ್ ಕಾರ್ಡುಗಳು ವಿಪರೀತ ಬಿಸಿಯಾದವು. ಯುದ್ಧದ ನಡುವೆ ಅಲ್ಲ, ಆಟ ಶುರುವಾಗುವ ಮೊದಲಿನ ಮೆನು ಪರದೆಯಲ್ಲಿ! ಅಲ್ಲಿ ಬಿಡಿಸಲು ಹೆಚ್ಚೇನೂ ಇಲ್ಲದ್ದರಿಂದ ಕಾರ್ಡು ಅದೇ ಚಿತ್ರವನ್ನು ಸೆಕೆಂಡಿಗೆ ನೂರಾರು ಸಲ ಬಿಡಿಸುತ್ತ ಕೂತಿತ್ತು. ಸಂರಚನೆಯ ಕಡತದಲ್ಲಿ ಎರಡು ಸಾಲು ಸೇರಿಸಿ, ಆಟಕ್ಕೆ 60, ಮೆನುವಿಗೆ 30 ಎಂದು ಮಿತಿ ಹಾಕಿಕೊಳ್ಳಿ ಎಂದು ಬ್ಲಿಝಾರ್ಡ್ ಕಂಪನಿ ಸಲಹೆ ಕೊಟ್ಟಿತು. 2021ರ ಜುಲೈನಲ್ಲಿ ಅಮೆಜಾನಿನ ‘ನ್ಯೂ ವರ್ಲ್ಡ್’ ಆಟದ ಪರೀಕ್ಷಾರ್ಥ ಆವೃತ್ತಿ ಆಡುವಾಗ ಕೆಲವು ದುಬಾರಿ ಕಾರ್ಡುಗಳು ಸತ್ತೇಹೋದವು. ದೋಷ ಆ ಕಾರ್ಡುಗಳ ಬೆಸುಗೆಯಲ್ಲಿತ್ತು ಎಂದು ತಯಾರಕರು ಆಮೇಲೆ ಹೇಳಿದರು. ಅಷ್ಟರಲ್ಲಿ ಆಟದ ಮೆನುವಿಗೂ ಫ್ರೇಮಿನ ಮಿತಿ ಬಂದಿತ್ತು. ನಡುವೆ 2020ರ ಜನವರಿಯಲ್ಲಿ ಎನ್‌ವಿಡಿಯಾ ತನ್ನ ಡ್ರೈವರಿನಲ್ಲೇ ಗರಿಷ್ಠ ಫ್ರೇಮ್ ದರ ನಿಗದಿ ಮಾಡುವ ಅನುಕೂಲ ಕೊಟ್ಟಿತು. ಟರ್ಬೋ ಗುಂಡಿ ಬೇರೆ ವೇಷದಲ್ಲಿ ವಾಪಸು ಬಂದಂತಾಯಿತು.

ಇನ್ನು ನಮ್ಮ ಮನೆಯ ಲ್ಯಾಪ್‌ಟಾಪಿನ ಸಂಗತಿ. ಗೇಮಿಂಗ್ ಲ್ಯಾಪ್‌ಟಾಪಿನೊಳಗೆ ಎರಡು ಒಲೆ ಪಕ್ಕಪಕ್ಕ ಇರುತ್ತವೆ. ಒಂದು ಮುಖ್ಯ ಚಿಪ್ಪು, ಇನ್ನೊಂದು ಗ್ರಾಫಿಕ್ಸ್ ಚಿಪ್ಪು. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಎರಡರ ಬಿಸಿಯನ್ನೂ ಹೊರಗೆ ಸಾಗಿಸುವುದು ಅವೇ ತಾಮ್ರದ ಕೊಳವೆಗಳು, ಅವೇ ಎರಡು ಫ್ಯಾನುಗಳು. ಫ್ಯಾನು ಎಳೆದುಕೊಳ್ಳುವ ಗಾಳಿ ಕೋಣೆಯದ್ದು. ಎ.ಸಿ. ಹಾಕಿದ 25 ಡಿಗ್ರಿಯ ಕೋಣೆಗೂ ಏಪ್ರಿಲ್‌ನಲ್ಲಿ 37 ಮುಟ್ಟುವ ನಮ್ಮ ಶೀಟಿನ ಕೋಣೆಗೂ ಹನ್ನೆರಡು ಡಿಗ್ರಿ ಅಂತರ. ಅಷ್ಟೇ ಕೆಲಸ ಮಾಡಿದರೂ ಚಿಪ್ಪು ಇಲ್ಲಿ ಸುಮಾರು ಅಷ್ಟೇ ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಮುಖ್ಯ ಚಿಪ್ಪುಗಳು ಸಾಮಾನ್ಯವಾಗಿ 95ರಿಂದ 105 ಡಿಗ್ರಿಯ ಸುತ್ತ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಅಷ್ಟರಿಂದಲೂ ಆಗದಿದ್ದರೆ ಯಂತ್ರ ಆರಿಹೋಗುತ್ತದೆ.

ತಮ್ಮನ ಆಟದಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು. ಮೊದಲ ಹತ್ತು ನಿಮಿಷ ಸೆಕೆಂಡಿಗೆ ನೂರಕ್ಕೂ ಹೆಚ್ಚು ಫ್ರೇಮ್, ಆಮೇಲೆ ಚಿಪ್ಪು ಕಾದು ಐವತ್ತಕ್ಕೆ ಕುಸಿತ, ತುಸು ಆರಿ ಮತ್ತೆ ಏರಿಕೆ, ಮತ್ತೆ ಕುಸಿತ. ಅವನ ಕೋಪವೆಲ್ಲ ಆ ಕುಸಿತದ ಮೇಲೆ. “ಅಕ್ಕಾ, ಇದು ಮುಖ್ಯವಾದ ಟೈಮಲ್ಲೇ ಕೈಕೊಡುತ್ತೆ” ಅನ್ನುತ್ತಿದ್ದ. ಅಪ್ಪನದು ಒಂದೇ ಪರಿಹಾರ: ಆಟ ಬಂದ್. ಆಟವೇ ಬೇಡ ಅಂದರೆ ಯಂತ್ರ ಉಳಿಯುತ್ತದೆ, ನಿಜ. ಆದರೆ ದಿನವಿಡೀ ಕಾಲೇಜು, ಸಂಜೆ ಅಡಿಕೆ ತೋಟದ ನೀರು ಅಂತ ದುಡಿಯುವ ಹುಡುಗನಿಗೆ ರಾತ್ರಿಯ ಒಂದು ಗಂಟೆ ಅಷ್ಟೇನೂ ದೊಡ್ಡ ಆಸೆಯಲ್ಲ.

ನಾವು ಗ್ರಾಫಿಕ್ಸ್ ಡ್ರೈವರಿನಲ್ಲಿ ಮಿತಿ ಹಾಕಿದೆವು. ಮೊದಲು 60. ಪ್ರತಿ ಫ್ರೇಮಿಗೆ ಸೆಕೆಂಡಿನ ಅರವತ್ತನೇ ಒಂದು ಭಾಗ, ಅಂದರೆ 16.7 ಮಿಲಿಸೆಕೆಂಡು ಸಮಯ. ಫ್ರೇಮು ಅದಕ್ಕಿಂತ ಬೇಗ ತಯಾರಾದರೆ ಉಳಿದ ಹೊತ್ತು ಚಿಪ್ಪು ಸುಮ್ಮನಿರುತ್ತದೆ. ಸುಮ್ಮನಿರುವ ಹೊತ್ತು ಸಿಕ್ಕಿದರೆ ಅದು ತನ್ನ ಗಡಿಯಾರವನ್ನೂ ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ. ಲಾಭ ಇರುವುದು ಇಲ್ಲಿಯೇ. ವೇಗ, ವೋಲ್ಟೇಜು ಎರಡೂ ಐದರಲ್ಲಿ ಒಂದು ಪಾಲು ಇಳಿದರೆ, ಮೇಲೆ ಹೇಳಿದ ಗುಣಾಕಾರದಂತೆ, ಆ ಕೆಲಸಕ್ಕೆ ತಗಲುವ ವಿದ್ಯುತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಣ್ಣು ಕಳೆದುಕೊಂಡದ್ದು ಸ್ವಲ್ಪ, ಒಲೆ ತಣಿದದ್ದು ಬಹಳ.

ಆಮೇಲೆ ಭಾರವಾದ ಒಂದು ಆಟಕ್ಕೆ 40 ಇಟ್ಟು ನೋಡಿದೆವು. ಇದು ಸುಮ್ಮನೆ ಆರಿಸಿದ ಸಂಖ್ಯೆಯಲ್ಲ. ಮೂವತ್ತರಲ್ಲಿ ಒಂದು ಫ್ರೇಮಿಗೆ 33.3 ಮಿಲಿಸೆಕೆಂಡು, ಅರವತ್ತರಲ್ಲಿ 16.7, ಇವೆರಡರ ನಟ್ಟನಡುವಿನ 25 ಮಿಲಿಸೆಕೆಂಡು ಸಿಗುವುದು ನಲವತ್ತರಲ್ಲಿ. ಮೇಲಾಗಿ ನಮ್ಮ ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 120 ಸಲ ಹೊಸತಾಗುವಂಥದ್ದು. ನಲವತ್ತು ಫ್ರೇಮನ್ನು ಅದಕ್ಕೆ ಕೊಟ್ಟರೆ ಪ್ರತಿ ಫ್ರೇಮೂ ಸರಿಯಾಗಿ ಮೂರು ಸಲ ಕಾಣುತ್ತದೆ, ಎಲ್ಲೂ ತಡವರಿಸುವುದಿಲ್ಲ. ಮೂರು ರೆಕ್ಕೆಯ ಷಟರು ಹದಿನಾರು ಫ್ರೇಮನ್ನು ನಲವತ್ತೆಂಟು ಮಾಡಿದ್ದೂ ಇದೇ ಲೆಕ್ಕದಿಂದ. ಒಂದು ಚಿತ್ರವನ್ನು ಮೂರು ಸಲ ತೋರಿಸು, ಮೂರು ಚಿತ್ರದ ಖರ್ಚು ಮಾಡಬೇಡ. ನೂರು ವರ್ಷ ಹಳೆಯ ಆ ಜಾಣ್ಮೆ ಶೀಟಿನ ಕೋಣೆಯಲ್ಲಿ ಮತ್ತೆ ಕೆಲಸಕ್ಕೆ ಬಂತು. ತಮ್ಮ ಮೊದಲ ದಿನ ಮುಖ ಸಿಂಡರಿಸಿದ. ಮೂರನೆಯ ದಿನ ಫ್ಯಾನಿನ ಸದ್ದು ಇಳಿದು ಆಟದ ಸಂಗೀತ ಕೇಳುತ್ತಿದೆ ಎಂದ. ವಾರದ ಮೇಲೆ ಆ ಮಿತಿಯ ಮಾತೇ ಎತ್ತಲಿಲ್ಲ.

ಎಲ್ಲರಿಗೂ ಇದೇ ಸರಿ ಎಂದು ನಾನು ಹೇಳಲಾರೆ. ಸ್ಪರ್ಧೆಗೆ ಆಡುವವರಿಗೆ ಹೆಚ್ಚು ಫ್ರೇಮಿನಿಂದ ನಿಜವಾದ ಲಾಭವಿದೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಕಂಡದ್ದಕ್ಕೂ ನಡುವಿನ ಹೊತ್ತು ಕಡಿಮೆಯಾಗುತ್ತದೆ. ದೂಳು ತುಂಬಿದ ಫ್ಯಾನಿಗೆ, ಒಣಗಿಹೋದ ಥರ್ಮಲ್ ಪೇಸ್ಟಿಗೆ ಫ್ರೇಮಿನ ಮಿತಿ ಔಷಧವಲ್ಲ. ಅದನ್ನು ಬಿಚ್ಚಿ ಸ್ವಚ್ಛ ಮಾಡಲೇಬೇಕು. ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚಿದರೆ ಯಾವ ಮಿತಿಯೂ ಕಾಯುವುದಿಲ್ಲ. ಹೆಚ್ಚಾದಷ್ಟೂ ಚೆಂದ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಪೀಟರ್ ಜಾಕ್ಸನ್ 2012ರಲ್ಲಿ ‘ದಿ ಹಾಬಿಟ್’ ಚಿತ್ರವನ್ನು ಸೆಕೆಂಡಿಗೆ 48 ಫ್ರೇಮಿನಲ್ಲಿ ತೋರಿಸಿದಾಗ ಹಲವರಿಗೆ ಅದು ಸಿನಿಮಾದಂತೆ ಕಾಣದೆ ಟೀವಿ ಧಾರಾವಾಹಿಯಂತೆ ಕಂಡಿತು. ಜಗತ್ತಿನ ಚಿತ್ರಮಂದಿರಗಳು ಇಂದಿಗೂ ಬಹುಪಾಲು ಇಪ್ಪತ್ತನಾಲ್ಕರಲ್ಲೇ ಇವೆ.

ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಯಂತ್ರಗಳ ದಾಖಲೆಗಳಲ್ಲಿ ಉಳಿಯುವುದು ಗರಿಷ್ಠ ಸಂಖ್ಯೆಗಳು. ಪ್ರೊಜೆಕ್ಟರಿನ ದೀಪ ಎಷ್ಟು ಆಂಪಿಯರಿನದು, ಚಿಪ್ಪು ಎಷ್ಟು ಗಿಗಾಹರ್ಟ್ಸ್‌ನದು, ಪರದೆ ಎಷ್ಟು ಹರ್ಟ್ಸ್‌ನದು. ಇವೆಲ್ಲ ಮಾರುವವರು ಬರೆದ ಸಂಖ್ಯೆಗಳು. ಬಳಸಿದವರು ಅದನ್ನು ದಿನವೂ ಎಷ್ಟಕ್ಕೆ ಓಡಿಸಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹೊಳಲ್ಕೆರೆಯ ಟೆಂಟಿನಲ್ಲಿ ಕಾರ್ಬನ್ ಕಡ್ಡಿಯ ಸಂದನ್ನು ಎಷ್ಟಕ್ಕೆ ಇಟ್ಟರೆ ಪರದೆಯೂ ಬೆಳಗಿ ರೀಲೂ ಉಳಿಯುತ್ತದೆ ಎಂಬ ಅಂದಾಜು ತಾತನ ಬೆರಳುಗಳಲ್ಲಿದೆ, ಯಾವ ಪತ್ರಾಗಾರದಲ್ಲೂ ಇಲ್ಲ. ಬಡ ಊರುಗಳಲ್ಲಿ, ಬಿಸಿ ಕೋಣೆಗಳಲ್ಲಿ, ಎರಡನೆಯ ಕೈಗೆ ಬಂದ ಯಂತ್ರಗಳನ್ನು ಹತ್ತಿಪ್ಪತ್ತು ವರ್ಷ ಬಾಳಿಸಿದ ಜ್ಞಾನ ಇಂಥ ಅಂದಾಜುಗಳದ್ದೇ. ಗರಿಷ್ಠದ ಚರಿತ್ರೆ ಬೇಕಾದಷ್ಟು ಬಂದಿದೆ. ಸಾಕು ಎಂಬುದರ ಚರಿತ್ರೆಯನ್ನು ಇನ್ನು ಬರೆಯಬೇಕಾಗಿದೆ.

ಹಾಗಾಗಿ ನನ್ನ ಸಂದರ್ಶನಗಳ ಪಟ್ಟಿಗೆ ಈಗ ಒಂದು ಪ್ರಶ್ನೆ ಹೆಚ್ಚಾಗಿ ಸೇರಿದೆ. ಮಿಷನ್ನು ಯಾವ ಕಂಪನಿಯದು, ಯಾವ ವರ್ಷದ್ದು ಎಂದು ಕೇಳಿ ಮುಗಿಸಿದ ಮೇಲೆ, “ಅದನ್ನ ಎಷ್ಟಕ್ಕೆ ಇಟ್ಟು ಓಡಿಸ್ತಿದ್ರಿ?” ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಹಿರಿಯರು ತಕ್ಷಣ ಉತ್ತರ ಕೊಡುವುದಿಲ್ಲ. ಒಂದು ಗಳಿಗೆ ಸುಮ್ಮನಾಗಿ, ಕೈಯನ್ನು ಗಾಳಿಯಲ್ಲಿ ಒಂದು ಎತ್ತರಕ್ಕೆ ಹಿಡಿದು, ತುಸು ಇಳಿಸಿ, ಅಲ್ಲಿ ನಿಲ್ಲಿಸಿ ತೋರಿಸುತ್ತಾರೆ.